ಲೆನ್ಸ್ ಬಾಗಿಸಿದ ಗೆರೆ, ಕೆರೆಯ ಹೂಳಿನ ಲೆಕ್ಕ

ಫೋನ್ ಕೈಯಲ್ಲೇ ಇದೆ ಅಲ್ವಾ? ಕ್ಯಾಮೆರಾ ತೆರೆದು 0.5 ಒತ್ತಿ. ಎದುರಿಗಿರೋ ಬಾಗಿಲಿನ ಚೌಕಟ್ಟನ್ನ ಚಿತ್ರದ ಅಂಚಿಗೆ ತನ್ನಿ. ಕೆಲವರಿಗೆ ಆ ನೆಟ್ಟಗಿನ ಮರ ಸ್ವಲ್ಪ ಹೊರಕ್ಕೆ ಉಬ್ಬಿದ ಹಾಗೆ ಕಾಣುತ್ತೆ. ಕೆಲವರಿಗೆ ಕಾಣಲ್ಲ, ಯಾಕಂದ್ರೆ ಅವರ ಫೋನು ಅದನ್ನ ಸದ್ದಿಲ್ಲದೆ ತಿದ್ದಿಬಿಟ್ಟಿರುತ್ತೆ. ಸ್ಟೇಟಸ್‌ಗೆ ಹಾಕೋ ಫೋಟೋ ಆದ್ರೆ ಎರಡೂ ಪರವಾಗಿಲ್ಲ. ಆದರೆ ಅಂಥ ಫೋಟೋಗಳಿಂದಲೇ ಒಂದು ಕೆರೆಯಲ್ಲಿ ಎಷ್ಟು ಹೂಳು ತೆಗೆದರು ಅಂತ ಅಳೆದು ಬಿಲ್ ಪಾಸ್ ಮಾಡೋದಾದ್ರೆ? ಆಗ ಆ ಸಣ್ಣ ಉಬ್ಬು ದುಡ್ಡಿನ ವಿಷಯ ಆಗುತ್ತೆ. ಇವತ್ತಿನ ಮಾತು ಅದರ ಬಗ್ಗೆ.

ನಾನು ಡ್ರೋನ್ ಸರ್ವೆ ಕೆಲಸ ಮಾಡೋನು. ಡ್ರೋನ್ ಒಂದು ಜಾಗದ ಮೇಲೆ ಸಾಲುಸಾಲಾಗಿ ಹಾರಿ ನೂರಾರು ಫೋಟೋ ತೆಗೆಯುತ್ತೆ. ಒಂದೇ ಕಲ್ಲು ಹಲವು ಫೋಟೋಗಳಲ್ಲಿ ಎಲ್ಲೆಲ್ಲಿ ಬಿದ್ದಿದೆ ಅಂತ ನೋಡಿ, ಆ ಕಲ್ಲು ನೆಲದ ಮೇಲೆ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ. ನಮ್ಮ ಎರಡು ಕಣ್ಣು ಸೇರಿ ದೂರವನ್ನ ಅಂದಾಜು ಮಾಡೋ ಹಾಗೆ. ಇದಕ್ಕೆ ಫೋಟೋಗ್ರಾಮೆಟ್ರಿ ಅಂತಾರೆ. ಈ ಲೆಕ್ಕಕ್ಕೆ ಬೆಳಕು ನೇರ ಗೆರೆಯಲ್ಲಿ ಬಂದು ಸೆನ್ಸರ್ ಮೇಲೆ ಬೀಳಬೇಕು. ನಿಜವಾದ ಗಾಜಿನ ಲೆನ್ಸ್‌ನಲ್ಲಿ ಅದು ಪೂರ್ತಿ ನೇರವಾಗಿ ಬೀಳಲ್ಲ.

ಚಿತ್ರದ ನಡುವಿನಿಂದ ಅಂಚಿಗೆ ಹೋದ ಹಾಗೆ ಗೆರೆಗಳು ಪೀಪಾಯಿಯ ಹೊಟ್ಟೆಯಂತೆ ಹೊರಕ್ಕೆ ಉಬ್ಬಬಹುದು, ಇಲ್ಲವೇ ಒಳಕ್ಕೆ ಬಾಗಬಹುದು. ಲೆನ್ಸ್‌ನ ಗಾಜುಗಳು ಒಂದರ ಹಿಂದೆ ಒಂದು ಸರಿಯಾಗಿ ಕೂರದಿದ್ರೆ ಇನ್ನೊಂದು ಬಗೆಯ ಸೊಟ್ಟ. ಡುವೇನ್ ಬ್ರೌನ್ ಅನ್ನೋ ಅಮೆರಿಕದ ತಜ್ಞರು 1960 ಮತ್ತು 70ರ ದಶಕದಲ್ಲಿ ಇವನ್ನೆಲ್ಲ ಸೂತ್ರಕ್ಕೆ ಇಳಿಸಿದರು. ಅವರ ಮಾದರಿ ಇವತ್ತಿಗೂ ಬಳಕೆಯಲ್ಲಿದೆ. ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ 2.4 ಮೈಕ್ರಾನ್, ಲೆನ್ಸ್‌ನ ಫೋಕಲ್ ಲೆಂತ್ 8.8 ಮಿಲಿಮೀಟರ್ ಅಂತ ಇಟ್ಕೊಳ್ಳಿ. 100 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್. ಅಂಚಿನಲ್ಲಿ ಐದು ಪಿಕ್ಸೆಲ್ ಸರಿದರೆ ಹದಿಮೂರು ಸೆಂಟಿಮೀಟರಿಗೂ ಜಾಸ್ತಿ.

ಇದನ್ನ ಸರಿಮಾಡೋಕೆ ಕ್ಯಾಲಿಬ್ರೇಷನ್ ಮಾಡ್ತಾರೆ. ಅಂದ್ರೆ ಈ ಲೆನ್ಸ್ ಎಷ್ಟು ಬಾಗಿಸುತ್ತೆ ಅಂತ ಮೊದಲೇ ಅಳೆದಿಟ್ಟುಕೊಳ್ಳೋದು. ಚದುರಂಗದ ಹಾಸಿನಂಥ ಕಪ್ಪು ಬಿಳುಪು ಚೌಕಗಳನ್ನ ಪ್ರಿಂಟ್ ತೆಗೆದು ಸಮತಟ್ಟಾದ ಹಲಗೆಗೆ ಅಂಟಿಸಿ, ಬೇರೆ ಬೇರೆ ಕೋನದಿಂದ ಫೋಟೋ ತೆಗೆದರೆ ಸಾಕು. ಝೆಂಗ್‌ಯೂ ಝಾಂಗ್ 2000ದಲ್ಲಿ ಪ್ರಕಟಿಸಿದ ಈ ವಿಧಾನ ಇವತ್ತು ಓಪನ್‌ಸಿವಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತೆ.

ಆದರೆ ಡ್ರೋನ್ ಕೆಲಸದಲ್ಲಿ ಎಷ್ಟೋ ಜನ ಇಷ್ಟು ಮಾಡಲ್ಲ. ಸರ್ವೆ ಫೋಟೋಗಳಿಂದಲೇ ಲೆನ್ಸ್‌ನ ಗುಣವನ್ನೂ ಕಂಡುಹಿಡಿ ಅಂತ ಸಾಫ್ಟ್‌ವೇರ್‌ಗೆ ಬಿಟ್ಟುಬಿಡ್ತಾರೆ. ಬಹಳ ಸಲ ಅದು ಚೆನ್ನಾಗೇ ಆಗುತ್ತೆ. ತೊಂದರೆ ಬರೋದು ಎಲ್ಲ ಫೋಟೋಗಳೂ ನೆಟ್ಟಗೆ ಕೆಳಗೆ ನೋಡ್ತಾ ಇದ್ದಾಗ. ಲೆನ್ಸ್ ಬಾಗಿದೆಯೋ, ನೆಲವೇ ಬಾಗಿದೆಯೋ ಅಂತ ಸಾಫ್ಟ್‌ವೇರ್‌ಗೆ ಸರಿಯಾಗಿ ಬಿಡಿಸಿ ಹೇಳೋಕಾಗಲ್ಲ. ಸಮತಟ್ಟಾದ ಬಯಲು ಗುಮ್ಮಟದ ಹಾಗೆ ಉಬ್ಬುತ್ತೆ, ಇಲ್ಲವೇ ಬೋಗುಣಿಯ ಹಾಗೆ ತಗ್ಗುತ್ತೆ. ವಿಜಯಪುರದ ಗೋಳಗುಮ್ಮಟದಷ್ಟಲ್ಲ, ಕಣ್ಣಿಗೆ ಕಾಣದಷ್ಟು. ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ ಅನ್ನೋ ಸಂಶೋಧಕರು 2014ರಲ್ಲಿ ಇದನ್ನ ವಿವರವಾಗಿ ತೋರಿಸಿದರು. ತಮಾಷೆ ಏನಂದ್ರೆ, ಆಗಲೂ ಸಾಫ್ಟ್‌ವೇರ್‌ನ ರಿಪೋರ್ಟ್‌ನಲ್ಲಿ ತಪ್ಪು ಒಂದು ಪಿಕ್ಸೆಲ್‌ಗಿಂತ ಕಡಿಮೆ ಅಂತಲೇ ಇರಬಹುದು. ಫೋಟೋಗಳು ಒಂದಕ್ಕೊಂದು ಹೊಂದುತ್ತವೆ ಅಂತ ಮಾತ್ರ ಆ ಅಂಕಿ ಹೇಳೋದು. ನೆಲಕ್ಕೆ ಹೊಂದುತ್ತವಾ ಅಂತ ಅದು ಹೇಳಲ್ಲ.

ಬೇರೆಯವರು ಮಾಡಿದ ಒಂದು ಕೆರೆ ಸರ್ವೆಯನ್ನ ನೋಡಿಕೊಡಿ ಅಂತ ನನಗೆ ಕಳಿಸಿದ್ದರು. ರಿಪೋರ್ಟ್ ನೋಡಿದ್ರೆ ಎಲ್ಲ ಅಚ್ಚುಕಟ್ಟು. ನಾನು ಉಳಿದಿದ್ದ ನೀರಿನ ಅಂಚಿನ ಗುಂಟ ಎತ್ತರ ಓದುತ್ತಾ ಹೋದೆ. ಒಂದು ತುದಿಗೂ ನಡುಭಾಗಕ್ಕೂ ಒಂದು ಗೇಣಿನಷ್ಟು ವ್ಯತ್ಯಾಸ! ಗಾಳಿಯಿಲ್ಲದ ದಿನ ನಿಂತ ನೀರು ಒಂದೇ ಮಟ್ಟದಲ್ಲಿರುತ್ತೆ ಅಂತ ಹೇಳೋಕೆ ಯಾವ ಉಪಕರಣವೂ ಬೇಡ. ಬಾಗಿದ್ದು ನೀರಲ್ಲ, ಲೆಕ್ಕ.

ಇದು ಎಷ್ಟು ದೊಡ್ಡದು ಅಂತ ನೀವೇ ಗುಣಿಸಿ ನೋಡಿ. ಹತ್ತು ಎಕರೆ ಅಂದ್ರೆ ಸುಮಾರು 40,500 ಚದರ ಮೀಟರ್. ಸರಾಸರಿ 10 ಸೆಂಟಿಮೀಟರ್ ತಪ್ಪಾದ್ರೆ 4,050 ಘನ ಮೀಟರ್. ಒಂದು ಟಿಪ್ಪರ್‌ಗೆ ಹತ್ತು ಘನ ಮೀಟರ್ ಅಂತ ಹಿಡಿದ್ರೂ ನಾನೂರು ಲೋಡ್‌ಗಿಂತ ಜಾಸ್ತಿ. ಯಾರೂ ಮೋಸ ಮಾಡಬೇಕಾಗಿಲ್ಲ. ತೆಗೆಯದ ಹೂಳಿಗೆ ಊರಿನ ದುಡ್ಡು ಹೋಗುತ್ತೆ, ಇಲ್ಲಾಂದ್ರೆ ಬೆವರು ಸುರಿಸಿದವರಿಗೆ ಸಿಗಬೇಕಾದ್ದು ಸಿಗಲ್ಲ. ಹೂಳೆತ್ತೋ ಮೊದಲೂ ಆಮೇಲೂ ಒಂದೇ ತಪ್ಪಿದ್ರೆ ಕಳೆದಾಗ ಹೋಗುತ್ತಲ್ಲ ಅಂತ ನೀವು ಕೇಳಬಹುದು. ಹೌದು, ತಪ್ಪು ಒಂದೇ ಥರ ಇದ್ರೆ. ಕ್ಯಾಮೆರಾ, ಎತ್ತರ, ಹಾರಾಟದ ದಾರಿ ಬದಲಾದ್ರೆ ಬಾಗುವ ರೀತಿಯೂ ಬದಲಾಗುತ್ತೆ.

ಪರಿಹಾರ ಕಷ್ಟ ಏನಲ್ಲ. ಕ್ಯಾಮೆರಾವನ್ನ 20–30 ಡಿಗ್ರಿ ಓರೆ ಮಾಡಿ ಇನ್ನಷ್ಟು ಫೋಟೋ ತೆಗೆಯಿರಿ. ನೆಲದ ಮೇಲೆ ಗುರುತಿನ ಹಾಸು ಹಾಕಿ, ಅವುಗಳ ಜಾಗವನ್ನ ನಿಖರವಾದ ಜಿಪಿಎಸ್‌ನಲ್ಲಿ ಅಳೆಯಿರಿ. ಅಂಚಿನಲ್ಲಷ್ಟೇ ಅಲ್ಲ, ನಡುವೆಯೂ ಹಾಕಿ. ಮುಖ್ಯವಾಗಿ, ಅವುಗಳಲ್ಲಿ ಕೆಲವನ್ನ ಸಾಫ್ಟ್‌ವೇರ್‌ಗೆ ಕೊಡದೆ ಬಚ್ಚಿಡಿ. ಕೊನೆಗೆ ಉತ್ತರ ತಾಳೆ ನೋಡೋದು ಅವುಗಳಿಂದಲೇ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಮಾಡಿದ್ರೆ ಪಾಸಾಗದೇ ಇರೋರು ಯಾರು?

ಫೋನಿನಲ್ಲಿ ಶಿಲ್ಪದ್ದೋ, ಮಂಟಪದ್ದೋ ತ್ರೀಡಿ ಮಾದರಿ ಮಾಡೋರಿಗೂ ಒಂದು ಮಾತು. ಕೊನೆವರೆಗೂ ಒಂದೇ ಲೆನ್ಸ್ ಬಳಸಿ, ಜೂಮ್ ಮಾಡಬೇಡಿ, ಫೋಕಸ್ ಲಾಕ್ ಮಾಡಿ. ಫೋಕಸ್ ಬದಲಾದಾಗ ಲೆನ್ಸ್ ಸರಿಯುತ್ತೆ, ಅದರ ಜೊತೆ ಅಳತೆಯೂ ಸರಿಯುತ್ತೆ. ಚಿತ್ರದೊಳಗೆ ಉದ್ದ ಗೊತ್ತಿರೋ ಒಂದು ಸ್ಕೇಲ್ ಇಡಿ.

ನಿಮ್ಮೂರಿನ ಕೆರೆ ಸರ್ವೆ ರಿಪೋರ್ಟ್ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: ಸಾಫ್ಟ್‌ವೇರ್‌ಗೆ ಕೊಡದೆ ಇಟ್ಟ ಗುರುತುಗಳಲ್ಲಿ ಎಷ್ಟು ವ್ಯತ್ಯಾಸ ಬಂತು? ಅದಕ್ಕೆ ಉತ್ತರ ಇಲ್ಲ ಅಂದ್ರೆ, ಮ್ಯಾಪ್ ಎಷ್ಟು ಚೆಂದ ಇದ್ದರೂ ಬಿಲ್‌ಗೆ ಸಹಿ ಹಾಕೋ ಕಾಲ ಇನ್ನೂ ಬಂದಿಲ್ಲ. ಮುಂದಿನ ಎಪಿಸೋಡಲ್ಲಿ ಸಿಗೋಣ.