ಬೆಳೆಗಳ ರೋಗಪರೀಕ್ಷೆ

(ಅಜ್ಜಂಪುರದಲ್ಲಿ ಉಪಾಧ್ಯಾಯರೂ ಪುರಜನರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನ್ಯಾಯಾಲಯದಲ್ಲಿ ವಾದಿಸುವವರಿಗೆ ಬೆಳೆಯ ರೋಗದ ಮಾತೇಕೆಂದು ತಮ್ಮಲ್ಲಿ ಕೆಲವರು ಶಂಕಿಸಬಹುದು. ಅದಕ್ಕೆ ಉತ್ತರವಾಗಿ ಒಂದು ವ್ಯಾಜ್ಯದ ಸಂಗತಿಯನ್ನು ಮೊದಲು ನಿವೇದಿಸುವೆವು. ಕಡೂರು ಸೀಮೆಯ ಒಂದು ಹಳ್ಳಿಯಲ್ಲಿ ದಾಯಾದಿಗಳಿಬ್ಬರ ತೆಂಗಿನ ತೋಟಗಳು ಒಂದೇ ಬೇಲಿಗೆ ಹೊಂದಿಕೊಂಡಿದ್ದುವು. ಒಬ್ಬನ ತೋಟದಲ್ಲಿ ಬೇಲಿಯ ಸಾಲಿನ ಮರಗಳು ಒಂದಾದ ಮೇಲೊಂದು ಸೊರಗಿ ಸತ್ತುವು. ನೆರೆಯವನೇ ರಾತ್ರಿ ಬುಡಕ್ಕೆ ವಿಷ ಹಾಕಿಸಿದನೆಂದು ನಿಶ್ಚಯಿಸಿ ಅವನು ನಮ್ಮಲ್ಲಿಗೆ ಬಂದನು. ನಾವೂ ಆ ಮಾತನ್ನು ನಂಬಿ ನೋಟೀಸಿನ ಕರಡನ್ನು ಬರೆದಿಟ್ಟೆವು. ಆಮೇಲೆ ಸ್ಥಳವನ್ನು ನೋಡಲು ಹೋದಾಗ, ಸತ್ತ ಮರವೊಂದರ ಬುಡದಲ್ಲಿ ಅರಗು ಹಚ್ಚಿದಂತೆ ಹೊಳೆಯುವ, ಕಂದುಬಣ್ಣದ, ಮರದಂತೆಯೇ ಗಟ್ಟಿಯಾದ ಅಣಬೆಯೊಂದು ಕಂಡಿತು. ಜೊತೆಯಲ್ಲಿದ್ದ ವೃದ್ಧ ತೋಟಿಗರೊಬ್ಬರು, “ಸ್ವಾಮಿ, ಇದು ಯಾರೂ ಹಾಕಿದ ಮದ್ದಲ್ಲ, ಅಣಬೆ ರೋಗ. ಆಚೆಯ ತೋಟದಲ್ಲೂ ಎರಡು ಮರ ಹಿಡಿದದೆ, ಹೋಗಿ ನೋಡಿ” ಎಂದರು.

ನೋಟೀಸು ಹೋಗಲಿಲ್ಲ. ಆದರೆ ಎರಡು ಮನೆಗಳೂ ಮಾತು ಬಿಟ್ಟು ಎರಡು ವರ್ಷಗಳಾಗಿದ್ದುವು. ಆ ಎರಡು ವರ್ಷವೂ ರೋಗವು ನೆಲದೊಳಗೆ ತನ್ನ ಕೆಲಸವನ್ನು ಮಾಡುತ್ತಲೇ ಇದ್ದಿತು. ಕಕ್ಷಿಗಾರನ ಹೇಳಿಕೆಯನ್ನು ಕೇಳಿದೆವು, ಮರದ ಹೇಳಿಕೆಯನ್ನು ಕೇಳಲಿಲ್ಲ. ಇದು ನಮ್ಮದೇ ತಪ್ಪು. ಆ ದಿನದಿಂದ ಈ ವಿಷಯವನ್ನು ಕೈಲಾದಷ್ಟು ಓದಿ, ಬಲ್ಲವರನ್ನು ಕೇಳಿ, ತಿಳಿದುಕೊಳ್ಳುತ್ತ ಬಂದಿರುವೆವು.

ಮಹನೀಯರೇ, ಪೈರು ಕೆಟ್ಟರೆ ದೃಷ್ಟಿ ತಗುಲಿತೆಂದೋ ಗ್ರಹಚಾರವೆಂದೋ ಹೇಳುವುದು ನಮ್ಮ ದೇಶದವರ ಅಜ್ಞಾನವೊಂದೇ ಅಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆ ಕೊಳೆತು ಹೋದಾಗ ಯೂರೋಪಿನ ಪಂಡಿತರೇ ಕೆಟ್ಟ ಗಾಳಿಯೆಂದೂ ಅತಿಮಳೆಯೆಂದೂ ವಾದಿಸುತ್ತಿದ್ದರು. ಎಲೆಯ ಮೇಲೆ ಕಂಡ ಬೂಷ್ಟು ಕೊಳೆತದ ಫಲವೇ ಹೊರತು ಕಾರಣವಲ್ಲವೆಂಬುದು ಹಲವರ ಮತವಾಗಿದ್ದಿತು. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಮಡಿದರು; ಅಷ್ಟೇ ಜನರು ದೇಶ ಬಿಟ್ಟು ಹೋದರು. ಬೂಷ್ಟೇ ರೋಗದ ಕಾರಣವೆಂದು ಜರ್ಮನಿಯ ಆಂಟನ್ ಡಿ ಬಾರಿ ಎಂಬ ವಿದ್ವಾಂಸನು ಪ್ರಯೋಗದಿಂದ ಸಿದ್ಧಪಡಿಸಿದುದು 1860ರ ಈಚೆಗೆ. ಆ ಕುಲಕ್ಕೆ ಅವನಿಟ್ಟ ಹೆಸರು ಫೈಟಾಫ್ತೊರ, ಎಂದರೆ ಗಿಡವನ್ನು ನಾಶಮಾಡುವುದು. ನಮ್ಮ ಮಲೆನಾಡಿನ ಅಡಕೆಯ ಕೊಳೆರೋಗವೂ ಇದೇ ಕುಲದ್ದು.

ಕೊಳೆರೋಗದ ಮಾತು ಬಂದುದರಿಂದ ಅದನ್ನೇ ಮೊದಲು ಹೇಳುವೆವು. ಹಳೆಯ ಮೈಸೂರು ಸಂಸ್ಥಾನವು 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದೇಶದ ವಿಜ್ಞಾನಿಯನ್ನು ಬೂಷ್ಟು ಮತ್ತು ಕೀಟಗಳ ಶಾಸ್ತ್ರಜ್ಞನಾಗಿ ನೇಮಿಸಿತು. ಅವರು ಅಡಕೆಯ ತೋಟಗಳಲ್ಲಿ ಈ ರೋಗವನ್ನು ಪರಿಶೋಧಿಸಿ 1910ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮಳೆ ಹಿಡಿದ ಮೇಲೆ ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ತುಂಬಿದಂತಹ ಕಡು ಹಸುರು ಮಚ್ಚೆ ಮೂಡುವುದು. ಅದು ಹರಡಿ ಕಾಯಿ ಉದುರುವುದು. ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಬೆಳೆಯುವುದು. ಇದು ಅದರ ಲಕ್ಷಣ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಶಾಸ್ತ್ರವನ್ನು ಓದದಿದ್ದರೂ ನೀರೇ ರೋಗದ ವಾಹನವೆಂಬುದನ್ನು ಅವರು ಕಂಡುಕೊಂಡಿದ್ದರು. ಕೋಲ್ಮನ್ನರು ಅದಕ್ಕೆ ಬದಲಾಗಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದರು.

ಈ ದ್ರಾವಣವು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ವೇಳೆಗೆ ಪ್ರಸಿದ್ಧಿಗೆ ಬಂದುದು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಉಜ್ಜಿದ ಕುಡುಗೋಲನ್ನು ಸ್ವಲ್ಪ ಹೊತ್ತು ಅದ್ದಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಾಡಿದ ದಿನವೇ ಅದನ್ನು ಬಳಸಬೇಕು. ಮುಂಗಾರು ಹಿಡಿಯುವ ಮುನ್ನ ಒಂದಾವರ್ತಿ, 40–45 ದಿನಗಳಲ್ಲಿ ಇನ್ನೊಂದಾವರ್ತಿ ಸಿಂಪಡಿಸತಕ್ಕದ್ದು. ಕಾಯಿ ಉದುರಿದ ಮೇಲೆ ಓಡಾಡುವುದು ಮನೆ ಹತ್ತಿದ ಮೇಲೆ ಬಾವಿ ತೋಡಿದಂತೆಯೇ.

ತರೀಕೆರೆಯ ಬೆಟ್ಟದ ಸೆರಗಿನ ತೋಟಗಳಿಗೆ ಇದು ಮುಖ್ಯ. ಆದರೆ ನಮ್ಮ ಮೂರು ಊರುಗಳ ನೆಲ ಒಂದೇ ಬಗೆಯದಲ್ಲ. ಬಾಬಾಬುಡನ್ ಗಿರಿಯ ಪಡುವಣ ಮಗ್ಗುಲಲ್ಲಿ ಸುರಿಯುವ ಮಳೆ ಕಡೂರಿನ ಬಯಲನ್ನು ಮುಟ್ಟುವಷ್ಟರಲ್ಲಿ ಬಡವಾಗುವುದು. ಆದುದರಿಂದ ಅಲ್ಲಿ ತೆಂಗಿಗೆ ಬಂದ ಕೇಡನ್ನೆಲ್ಲ ಬರವೆಂದೇ ತಿಳಿಯುವುದು ವಾಡಿಕೆ. ಗರಿಗಳು ಬಾಡಿ ಜೋತುಬಿದ್ದರೆ ನೀರು ಸಾಲದೆಂದು ಕಾಲುವೆಯ ನೀರನ್ನು ಬುಡದಿಂದ ಬುಡಕ್ಕೆ ಹರಿಯಿಸುವರು. ಅಣಬೆ ರೋಗವಾಗಿದ್ದರೆ ಇದಕ್ಕಿಂತ ಹೆಚ್ಚಿನ ಅನರ್ಥವಿಲ್ಲ. ಹರಿಯುವ ನೀರು ರೋಗವನ್ನು ಮರದಿಂದ ಮರಕ್ಕೆ ಕೊಂಡೊಯ್ಯುವುದು.

ಎರಡನ್ನೂ ಬೇರ್ಪಡಿಸುವ ಬಗೆ ಕಠಿಣವಲ್ಲ. ಬರದಲ್ಲಿ ತೋಟವೆಲ್ಲ ಹೆಚ್ಚುಕಡಮೆ ಒಂದೇ ಸಮನೆ ಸೊರಗುವುದು. ಅಣಬೆ ರೋಗದಲ್ಲಿ ಒಂದು ಮರ ಮೊದಲು ಹಿಡಿದು, ಅದರ ಸುತ್ತಣ ಮರಗಳಿಗೆ ತಾಗುವುದು. ಬರದ ಮರದ ಬುಡ ಒಣಗಿರುವುದು. ರೋಗದ ಮರದ ಬುಡದಲ್ಲಿ ತೊಗಟೆಯಿಂದ ಕೆಂಗಂದು ಬಣ್ಣದ ಅಂಟುರಸ ಒಸರಿ ಮೇಲುಮೇಲಕ್ಕೆ ಏರುತ್ತಿರುವುದು. ಬುಡವನ್ನು ಕೆದಕಿದರೆ ಬೇರುಗಳು ಕೊಳೆತಿರುವುವು. ಅಣಬೆಯು ಕಾಣಿಸಿಕೊಳ್ಳುವುದು ಎಲ್ಲಕ್ಕೂ ಕಡೆಯಲ್ಲಿ. ಅದಕ್ಕಾಗಿ ಕಾಯುತ್ತ ಕೂತವನು ಮರವನ್ನು ಕಳೆದುಕೊಳ್ಳುವನು. ಕಾಂಡದ ಬಿರುಕುಗಳಲ್ಲಿ ಅಲ್ಲಲ್ಲಿ ರಸ ಸೋರುವುದು ಇನ್ನೊಂದು ರೋಗ. ಅದರಲ್ಲಿ ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಿದರೆ ಮರ ಉಳಿಯುವುದುಂಟು. ಗರಿಗಳು ಬೆಂಕಿ ತಾಗಿದಂತೆ ಕಂಡು, ಅಡಿಮೈಯಲ್ಲಿ ನೂಲು ಮತ್ತು ಹಿಕ್ಕೆಯ ಸುರಂಗಗಳಿದ್ದರೆ ಅದು ರೋಗವೇ ಅಲ್ಲ, ಕಪ್ಪುತಲೆ ಹುಳು. ಅದಕ್ಕೆ ಹಿಡಿದ ಗರಿಗಳನ್ನು ಕಡಿದು ಸುಟ್ಟು, ಹುಳುವನ್ನು ಕೊಲ್ಲುವ ಪರೋಪಜೀವಿ ಕೀಟಗಳನ್ನು ತೋಟದಲ್ಲಿ ಬಿಡುವುದು ಮಾರ್ಗ. ನೋಡುವವನಿಗೆ ಮೂರೂ ‘ಗರಿ ಒಣಗುವುದೇ’. ಮದ್ದು ಮಾತ್ರ ಮೂರು ಬಗೆ.

ಅಣಬೆ ರೋಗಕ್ಕೆ ಮಾಡತಕ್ಕುದು ಇಷ್ಟು. ಸತ್ತ ಮರವನ್ನು ಬುಡ ಬೇರುಗಳ ಸಮೇತ ಕಿತ್ತು ಸುಡಬೇಕು. ಹಿಡಿದ ಮರದ ಸುತ್ತ ಎರಡಡಿ ಅಗಲ, ಮೂರಡಿ ಆಳದ ಕಂದಕವನ್ನು ತೋಡಿ ನೆರೆಮರದ ಬೇರಿನ ಸಂಪರ್ಕವನ್ನು ತಪ್ಪಿಸಬೇಕು. ಒಂದೊಂದು ಮರಕ್ಕೂ ಬೇರೆ ಬೇರೆ ಪಾತಿ ಮಾಡಿ ನೀರು ಕೊಡಬೇಕು. ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು, ಟ್ರೈಕೋಡರ್ಮ ಎಂಬ ಉಪಕಾರಿ ಬೂಷ್ಟಿನೊಡನೆ ಕಲಸಿ, ಹಾಕಬೇಕು. ಮತ್ತು ಇದನ್ನು ನೆರೆಯವನೂ ಮಾಡಬೇಕು. ಬೇಲಿಯು ಮನುಷ್ಯರಿಗೆ ಎಲ್ಲೆ, ಬೇರಿಗಲ್ಲ.

ಈಗ ತಾವಿರುವ ಅಜ್ಜಂಪುರದ ಈರುಳ್ಳಿಯ ಮಾತು. ಎಲೆಯ ಮೇಲೆ ಬಿಳಿಯ ತಗ್ಗು ಚುಕ್ಕೆ ಹುಟ್ಟಿ, ನಡುವೆ ನೇರಳೆಯ ಬಣ್ಣ ತಾಳಿ, ಸುತ್ತ ಹಳದಿಯ ಅಂಚು ಕಟ್ಟಿ, ಅಲ್ಲಿಯೇ ಎಲೆ ಮುರಿದರೆ ಅದು ನೇರಳೆ ಮಚ್ಚೆ ರೋಗ, ಬೂಷ್ಟಿನದು. ಎಲೆಯಲ್ಲಿ ಬೆಳ್ಳಿಯ ಗೀರುಗಳೆದ್ದು, ಸುಳಿಯನ್ನು ಬಿಡಿಸಿದಾಗ ಸಣ್ಣ ಜೀವಿಗಳು ಹರಿದಾಡಿದರೆ ಅದು ಥ್ರಿಪ್ಸ್ ಎಂಬ ನುಸಿ. ಬೂಷ್ಟಿನ ಮದ್ದು ನುಸಿಯನ್ನು ಕೊಲ್ಲದು. ನುಸಿಯ ಮದ್ದು ಬೂಷ್ಟನ್ನು ಮುಟ್ಟದು. ಇದನ್ನರಿಯದ ರೈತನು ಅಂಗಡಿಗೆ ಹೋಗಿ ‘ಎಲೆ ಒಣಗುತ್ತಿದೆ, ಏನಾದರೂ ಕೊಡಿ’ ಎನ್ನುವನು. ಮೂರು ಸೀಸೆಗಳನ್ನು ಸಾಲದ ಮೇಲೆ ತಂದು ಒಟ್ಟಿಗೆ ಕಲಸಿ ಹೊಡೆಯುವನು. ಆ ಸಾಲದ ಪತ್ರವೇ ಕಡೆಗೆ ನಮ್ಮ ಮೇಜಿನ ಮೇಲೆ ಬರುವುದು. ಎಷ್ಟೋ ಮನೆಗಳ ದಾವೆಯ ಮೂಲವು ಎಲೆಯ ಮೇಲಿನ ಚುಕ್ಕೆಯೊಂದನ್ನು ಓದಲಾರದೆ ಹೋದುದರಲ್ಲಿದೆ.

ರಾಗಿಯ ಬೆಂಕಿರೋಗವನ್ನು ತಾವೆಲ್ಲರೂ ಬಲ್ಲಿರಿ. ಎಲೆಯಲ್ಲಿ ಕದಿರಿನಾಕಾರದ, ನಡುವೆ ಬೂದುಬಣ್ಣದ ಮಚ್ಚೆ. ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳು. ಇದಕ್ಕೆ ಸಿಂಪರಣೆಗಿಂತ ರೋಗವನ್ನು ತಡೆಯುವ ಜಿ.ಪಿ.ಯು. 28ರಂತಹ ತಳಿಯೂ, ಬಿತ್ತುವ ಮುನ್ನ ಬೀಜೋಪಚಾರವೂ ಸುಲಭೋಪಾಯ.

ಒಟ್ಟಿನಲ್ಲಿ ರೋಗಪರೀಕ್ಷೆಯು ಸಾಕ್ಷಿಯ ವಿಚಾರಣೆಯಂತೆಯೇ. ನಾಲ್ಕು ಪ್ರಶ್ನೆಗಳು ಸಾಕು. ಮೊದಲು ಕೆಟ್ಟುದು ಹಳೆಯ ಎಲೆಯೋ, ಸುಳಿಯೋ? ಹೊಲದಲ್ಲಿ ಕೇಡು ಒಂದೇ ಸಮನಾಗಿದೆಯೋ, ಒಂದೆಡೆ ಹುಟ್ಟಿ ಹರಡುತ್ತಿದೆಯೋ? ಅದಕ್ಕೆ ಹಿಂದಿನ ವಾರಗಳಲ್ಲಿ ಹವೆ ಎಂತಹುದಿದ್ದಿತು? ಎಲೆಯ ಅಡಿಮೈಯೂ ಬೇರೂ ಏನು ಹೇಳುತ್ತವೆ? ಸಮನಾದ ಕೇಡು ಬಹುಮಟ್ಟಿಗೆ ನೀರು, ಗೊಬ್ಬರ, ಮಣ್ಣುಗಳ ದೋಷ. ಹರಡುವ ಕೇಡು ಜೀವಿಯೊಂದರ ಕೆಲಸ. ಈ ನಾಲ್ಕಕ್ಕೂ ಉತ್ತರ ದೊರೆಯದೆ ಮದ್ದು ಕೊಳ್ಳುವುದು ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸಿದಂತೆ.

ಕನ್ನಡನಾಡಿನ ಐಕ್ಯಕ್ಕೂ ಈ ವಿಷಯಕ್ಕೂ ಒಂದು ನಂಟುಂಟು. 1956ಕ್ಕೆ ಹಿಂದೆ ಅಡಕೆ ಬೆಳೆಯುವ ಕನ್ನಡಿಗರಲ್ಲಿ ಮಲೆನಾಡಿನವರು ಮೈಸೂರಿಗೂ, ದಕ್ಷಿಣ ಕನ್ನಡದವರು ಮದರಾಸಿಗೂ, ಉತ್ತರ ಕನ್ನಡದವರು ಮುಂಬಯಿಗೂ ಸೇರಿದ್ದರು. ರೋಗ ಒಂದೇ, ಭಾಷೆ ಒಂದೇ, ಸರ್ಕಾರ ಮೂರು. ಈಗ ನಾಡು ಒಂದಾಗಿದೆ. ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯವೂ ಇದೆ. ತೆಂಗು ಅಡಕೆಗಳ ಸಂಶೋಧನೆಯ ಹಿರಿಯ ಸಂಸ್ಥೆಯು ಕಾಸರಗೋಡಿನಲ್ಲಿದೆ. ಅಲ್ಲಿ ದೊರೆತ ಜ್ಞಾನವು ತಿಳಿಗನ್ನಡದಲ್ಲಿ ಹಳ್ಳಿಯ ಜಗುಲಿಯನ್ನು ತಲಪದಿದ್ದರೆ ಮಾತ್ರ ಆ ಐಕ್ಯವು ಭೂಪಟದಲ್ಲಿಯೇ ನಿಲ್ಲುವುದು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ತಮ್ಮ ಶಾಲೆಯಲ್ಲಿ ಒಂದು ದಪ್ಪ ಪುಸ್ತಕವನ್ನಿಡಿರಿ. ಮಕ್ಕಳು ತಮ್ಮ ಹೊಲದಿಂದ ರೋಗದ ಎಲೆಯೊಂದನ್ನು ತಂದು, ಒಣಗಿಸಿ ಅಂಟಿಸಿ, ಬೆಳೆಯ ಹೆಸರು, ತಿಂಗಳು, ಹವೆ, ತಂದೆತಾಯಿಗಳು ಆ ರೋಗಕ್ಕೆ ಹೇಳುವ ಹೆಸರು ಇವನ್ನು ಬರೆಯಲಿ. ಗೊತ್ತಾಗದುದನ್ನು ಮೂರು ದಿನದೊಳಗೆ ತೋಟಗಾರಿಕೆಯ ಕಚೇರಿಗೆ ತೋರಿಸಿರಿ. ಮೂರು ವರ್ಷಗಳಲ್ಲಿ ಆ ಪುಸ್ತಕವು ತಮ್ಮ ಊರಿನ ಬೆಳೆಗಳ ಪಂಚಾಂಗವಾಗುವುದು. ಯಾವ ತಿಂಗಳಲ್ಲಿ ಯಾವ ಕೇಡು ಬರುವುದೆಂದು ಮುಂದಾಗಿಯೇ ಹೇಳುವುದು.

ನಮ್ಮ ಆ ಕಕ್ಷಿಗಾರರಿಬ್ಬರೂ ಈಗ ಬೇಲಿಯ ಉದ್ದಕ್ಕೂ ಒಂದೇ ಕಂದಕವನ್ನು ತೋಡಿದ್ದಾರೆ. ಖರ್ಚು ಅರ್ಧ ಅರ್ಧ. ಹೊಸ ಮರ ಹಿಡಿದಿಲ್ಲವೆಂದು ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಒಬ್ಬನು ಹೇಳಿದನು. ಜೊತೆಯಲ್ಲಿ ಇನ್ನೊಬ್ಬನೂ ನಿಂತಿದ್ದನು. ಒಂದು ದಾವೆಯ ಶುಲ್ಕವನ್ನು ಕಳೆದುಕೊಂಡುದಕ್ಕೆ ನಮಗೆ ಅಂದು ಲೇಶವೂ ವ್ಯಸನವಾಗಲಿಲ್ಲ.