‘ಫೈನ್’ ಎಂಬ ವಿಶೇಷಣ

ಇಂಗ್ಲಿಷನ್ನು ಓದಿದವರೂ ಓದದವರೂ ಸಮಾನವಾಗಿ ಬಳಸತಕ್ಕ ಕೆಲವು ಇಂಗ್ಲಿಷ್ ಶಬ್ದಗಳು ನಮ್ಮ ಪಟ್ಟಣಗಳಲ್ಲಿ ಉಂಟು. ಅವುಗಳಲ್ಲಿ ‘ಫೈನ್’ ಎಂಬುದೊಂದು. ಕಾಫಿ ಹೇಗಿದೆಯೆಂದರೆ ಫೈನ್. ಸಂಗೀತ ಕಚೇರಿ ಹೇಗಾಯಿತೆಂದರೆ ಫೈನ್. ಮೈ ಹೇಗಿದೆಯೆಂದು ವಿಚಾರಿಸಿದರೂ ಫೈನ್. ಪುಸ್ತಕವನ್ನು ವಾಯಿದೆ ಮೀರಿ ಇಟ್ಟುಕೊಂಡವರಿಂದ ಪುಸ್ತಕಭಂಡಾರದವರು ವಸೂಲುಮಾಡುವುದೂ ಫೈನೇ. ಇಷ್ಟು ಸಲೀಸಾಗಿ ನಾಲಗೆಗೆ ಬರುವ ಮಾತಿನ ಮೇಲೆ ಒಂದು ಭಾಷಣವೇಕೆಂದು ಶ್ರೋತೃಗಳು ಕೇಳಬಹುದು. ಸಲೀಸಾಗಿ ಬರುವುದರಿಂದಲೇ ಎಂಬುದು ನಮ್ಮ ಉತ್ತರ. ಕಠಿಣವಾದ ಶಬ್ದ ಎದುರಾದರೆ ನಾವು ನಿಂತು ನಿಘಂಟನ್ನು ತೆರೆಯುತ್ತೇವೆ. ಪರಿಚಿತವಾದ ಶಬ್ದವನ್ನು ‘ಇದು ತಿಳಿದದ್ದೇ’ ಎಂದು ದಾಟಿ ಹೋಗುತ್ತೇವೆ. ಭಾಷಾಂತರಕಾರನು ಮುಗ್ಗರಿಸುವುದು ಬಹುಮಟ್ಟಿಗೆ ಈ ಎರಡನೆಯ ಜಾತಿಯ ಕಲ್ಲುಗಳ ಮೇಲೆಯೇ.

ಸಾಮಾನ್ಯವಾಗಿ ‘ಫೈನ್’ ಎಂಬುದನ್ನು ನಾವು ಹೊಗಳಿಕೆಯ ಮಾತೆಂದು ಭಾವಿಸುತ್ತೇವೆ. ‘ಚೆನ್ನಾದ’, ‘ಸೊಗಸಾದ’, ‘ಉತ್ತಮವಾದ’ ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುತ್ತೇವೆ. ಆದರೆ ಅದು ಮೊದಲು ಅಳತೆಯ ಮಾತು, ಹೊಗಳಿಕೆ ಅನಂತರದ್ದು. ಅಳತೆಯನ್ನು ಹೇಳಿರುವ ಕಡೆಯಲ್ಲಿ ಹೊಗಳಿಕೆಯನ್ನು ಓದಿಕೊಂಡರೆ ಅರ್ಥ ಕೆಡುತ್ತದೆ. ಅರ್ಥವೊಂದೇ ಕೆಟ್ಟರೆ ಪಂಡಿತರ ಚರ್ಚೆಗೆ ಬಿಡಬಹುದಾಗಿತ್ತು. ಕೆಲವು ಕಡೆಗಳಲ್ಲಿ ಅದರೊಡನೆ ಹಣವೂ ಆರೋಗ್ಯವೂ ಕೆಡುವ ಸಂಭವವುಂಟಾದುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ.

ಈ ಶಬ್ದದ ಮೂಲ ಲ್ಯಾಟಿನ್ ಭಾಷೆಯ ‘ಫೀನಿಸ್’ ಎಂಬುದು. ಕೊನೆ, ಎಲ್ಲೆ ಎಂದು ಅದರ ಅರ್ಥ. ಹಳೆಯ ಫ್ರೆಂಚಿನ ಮೂಲಕ ಸುಮಾರು ೧೩ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲಿಷಿಗೆ ಬಂದಿತು. ಯಾವುದನ್ನು ಅದರ ಕೊನೆಯ ಎಲ್ಲೆಯವರೆಗೂ ಕೊಂಡೊಯ್ದಿದೆಯೋ, ಯಾವುದರಲ್ಲಿ ಇನ್ನು ಮಾಡತಕ್ಕ ಕೆಲಸ ಉಳಿದಿಲ್ಲವೋ ಅದು ‘ಫೈನ್’. ನಮ್ಮಲ್ಲಿಯೂ ‘ಪರಾಕಾಷ್ಠೆ’ ಎಂಬ ಮಾತಿನಲ್ಲಿ ಎಲ್ಲೆಯೇ ಮೇಲ್ಮೆಯಾಗಿರುವುದನ್ನು ಕಾಣಬಹುದು. ‘ಫಿನಿಷ್’, ‘ಫೈನಲ್’, ‘ರಿಫೈನ್’, ‘ಡಿಫೈನ್’ ಎಲ್ಲವೂ ಇದೇ ಮನೆಯ ಮಕ್ಕಳು. ಜುಲ್ಮಾನೆಯೆಂಬ ಅರ್ಥದ ‘ಫೈನ್’ ಕೂಡ ಬೇರೆ ಮನೆಯದಲ್ಲ: ವ್ಯಾಜ್ಯವನ್ನು ಕೊನೆಗಾಣಿಸುವುದಕ್ಕಾಗಿ ಕೊಟ್ಟ ಹಣಕ್ಕೆ ಆ ಹೆಸರು ಬಂದು, ಅಲ್ಲಿಂದ ದಂಡದ ಅರ್ಥ ನಿಂತಿತು. ಸಾಲವನ್ನು ತೀರಿಸಿ ಮುಗಿಸುವುದೆಂಬ ಅರ್ಥದಿಂದ ಹೊರಟ ‘ಫೈನಾನ್ಸ್’ ಎಂಬ ಶಬ್ದ ಇಂದು ಸಾಲ ಕೊಡುವವರ ಅಂಗಡಿಯ ಹಲಗೆಯ ಮೇಲೆ ಕುಳಿತಿದೆ, ಶಬ್ದಗಳಿಗೂ ಗ್ರಹಚಾರವುಂಟು.

ಅಳತೆಯ ಅರ್ಥವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಚಿನಿವಾರರ ಪೇಟೆಯಲ್ಲಿ. ಅಲ್ಲಿ ‘ಫೈನ್’ ಎಂದರೆ ಬೆರಕೆಯಿಲ್ಲದ್ದು. ನಾವು ಅಪರಂಜಿ, ಚೊಕ್ಕ ಚಿನ್ನ ಎನ್ನುತ್ತೇವೆ. ಇಂಗ್ಲೆಂಡಿನ ಸವರನ್ನು ನಾಣ್ಯದ ತೂಕ ಸುಮಾರು ೭.೯೯ ಗ್ರಾಂ. ಅದು ೨೨ ಕ್ಯಾರಟ್ಟಿನದಾದುದರಿಂದ ಅದರಲ್ಲಿರುವ ‘ಫೈನ್’ ಚಿನ್ನ ಸುಮಾರು ೭.೩೨ ಗ್ರಾಂ ಮಾತ್ರ. ಉಳಿದದ್ದು ಬೆರಕೆಯ ಲೋಹ. ಆಭರಣಗಳ ಮೇಲೆ ೯೧೬ ಎಂಬ ಗುರುತನ್ನು ನೋಡಿರುವ ಶ್ರೋತೃಗಳು ಇದನ್ನು ಸುಲಭವಾಗಿ ತಿಳಿಯಬಲ್ಲರು. ೨೪ ಭಾಗದಲ್ಲಿ ೨೨ ಭಾಗ ಚಿನ್ನವೆಂದರೆ ಸಾವಿರಕ್ಕೆ ೯೧೬ಕ್ಕೆ ಮಿಕ್ಕಿದ ಭಾಗವಾಯಿತು. ೨೦೨೧ರ ಜೂನ್ ತಿಂಗಳಿಂದ ಹಂತಹಂತವಾಗಿ ನಮ್ಮ ದೇಶದಲ್ಲಿ ಈ ಮುದ್ರೆಯನ್ನು ಕಡ್ಡಾಯಮಾಡಲಾಯಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ನೂರು ಹೂಬಳ್ಳಿಗಳನ್ನು ಕೊರೆದು ಮಾಡಿದ ಸೊಗಸಾದ ಬಳೆ ೧೮ ಕ್ಯಾರಟ್ಟಿನದಾಗಿರಬಹುದು. ಯಾವ ಕುಸುರಿಯೂ ಇಲ್ಲದ ಮೊಂಡು ಗಟ್ಟಿ ‘ಫೈನ್’ ಚಿನ್ನವಾಗಿರಬಹುದು. ಅಂಗಡಿಯವನು ಬಳೆಯನ್ನು ತೋರಿಸಿ ‘ಬಹಳ ಫೈನಾಗಿದೆ’ ಎಂದರೆ ಅವನು ಸುಳ್ಳು ಹೇಳಲಿಲ್ಲ. ಕೊಳ್ಳುವವನು ಯಾವ ‘ಫೈನ್’ ಎಂದು ಕೇಳಬೇಕು.

ಬಟ್ಟೆಯ ವ್ಯಾಪಾರದಲ್ಲಿಯೂ ಇದೇ ಕಥೆ. ೮೪೦ ಗಜದ ನೂಲಿನ ಲಡಿಗಳು ಒಂದು ಪೌಂಡು ತೂಕಕ್ಕೆ ಎಷ್ಟು ತೂಗುತ್ತವೆಯೋ ಅದು ಹತ್ತಿಯ ನೂಲಿನ ನಂಬರು. ೪೦ನೆಯ ನಂಬರಿನ ನೂಲೆಂದರೆ ಒಂದು ಪೌಂಡಿನಲ್ಲಿ ೩೩,೬೦೦ ಗಜ. ೧೦೦ನೆಯ ನಂಬರೆಂದರೆ ೮೪,೦೦೦ ಗಜ. ನಂಬರು ಏರಿದಂತೆ ಎಳೆ ಸಣ್ಣದಾಗುತ್ತದೆ, ಅಂದರೆ ‘ಫೈನ್’ ಆಗುತ್ತದೆ. ಗಿರಣಿಗಳ ಬಟ್ಟೆಯನ್ನು ಒರಟು, ಮಧ್ಯಮ, ಫೈನ್, ಸೂಪರ್‌ಫೈನ್ ಎಂದು ವಿಂಗಡಿಸುತ್ತಿದ್ದುದು ಈ ನಂಬರಿನಿಂದಲೇ ಹೊರತು ಬಾಳಿಕೆಯಿಂದಲ್ಲ. ಸೂಪರ್‌ಫೈನ್ ಎಂದು ನಂಬಿ ಕೊಂಡ ಪಂಚೆ ಒಂದೇ ವರ್ಷದಲ್ಲಿ ಹರಿಯಿತೆಂದು ಬೈದವರು ಅಳತೆಯನ್ನು ಪ್ರಶಸ್ತಿಪತ್ರವೆಂದು ಓದಿಕೊಂಡವರು.

ಈ ಭೇದವನ್ನು ನಮ್ಮ ಅಡಿಗೆಮನೆ ಬಹಳ ಚೆನ್ನಾಗಿ ಬಲ್ಲದು. ‘ಫೈನ್’ ರವೆಯೆಂದು ಇಂಗ್ಲಿಷಿನಲ್ಲಿ ಅಚ್ಚಾಗಿರುವ ಪೊಟ್ಟಣವನ್ನು ನೋಡಿ ಯಾವ ಗೃಹಿಣಿಯೂ ಅದನ್ನು ‘ಉತ್ತಮ ರವೆ’ ಎಂದು ತಿಳಿಯುವುದಿಲ್ಲ. ಅದು ಚಿರೋಟಿ ರವೆ. ಚಿರೋಟಿಗೆ ಸರಿ, ಉಪ್ಪಿಟ್ಟಿಗೆ ಹಾಕಿದರೆ ಮುದ್ದೆಯಾದೀತು. ಹಾಗೆಯೇ ಸಣ್ಣಕ್ಕಿ, ನುಣ್ಣನೆಯ ಹಿಟ್ಟು, ನವುರಾದ ಪುಡಿ. ಹೇನನ್ನೂ ಸೀರನ್ನೂ ತೆಗೆಯುವ ಒತ್ತುಹಲ್ಲಿನ ಬಾಚಣಿಗೆಯನ್ನು ಇಂಗ್ಲಿಷರು ಫೈನ್ ಹಲ್ಲಿನ ಬಾಚಣಿಗೆ ಎಂದರೆ ನಾವು ಒಂದೇ ಮಾತಿನಲ್ಲಿ ಸೀರಣಿಗೆ ಎಂದು ಮುಗಿಸುತ್ತೇವೆ. ಅವರು ಒಂದು ವಿಶೇಷಣದಿಂದ ಮಾಡುವ ಕೆಲಸವನ್ನು ನಾವು ಹತ್ತು ನಾಮಪದಗಳಿಂದ ಮಾಡುತ್ತೇವೆ. ಆದುದರಿಂದ ‘ಫೈನ್’ ಎಂಬುದಕ್ಕೆ ಕನ್ನಡದಲ್ಲಿ ಒಂದು ಮಾತನ್ನು ಹುಡುಕುವುದು ವ್ಯರ್ಥ. ಅದರ ಮುಂದಿರುವ ನಾಮಪದವನ್ನು ಮೊದಲು ನೋಡಬೇಕು.

ಕ್ರಿಕೆಟ್ ಪ್ರಿಯರಿಗೆ ಒಂದು ಉದಾಹರಣೆ ಸಾಕು. ಎರಡು ವಿಕೆಟ್ಟುಗಳ ನಡುವಣ ನೇರ ಗೆರೆಯನ್ನು ದಾಂಡಿಗನ ಬೆನ್ನ ಹಿಂದಕ್ಕೆ ಎಳೆದುಕೊಂಡುಹೋದರೆ, ಆ ಗೆರೆಗೆ ಹತ್ತಿರವಾಗಿ, ಅಂದರೆ ಸಣ್ಣ ಕೋನದಲ್ಲಿ, ಲೆಗ್ ಪಕ್ಕದಲ್ಲಿ ನಿಲ್ಲುವವನು ‘ಫೈನ್ ಲೆಗ್’. ಲಂಬಕೋನದಲ್ಲಿ ನಿಲ್ಲುವವನು ‘ಸ್ಕ್ವೇರ್ ಲೆಗ್’. ಮುಂದೆ ನವಾನಗರದ ಜಾಮ್ ಸಾಹೇಬರಾದ ರಣಜಿತ್‌ಸಿಂಹಜಿಯವರ ಹೆಸರಿನೊಡನೆ ಸೇರಿಹೋಗಿರುವ ಲೆಗ್ ಗ್ಲಾನ್ಸ್ ಎಂಬ ಹೊಡೆತ ಈ ಸಣ್ಣ ಕೋನವನ್ನು ನಂಬಿದ್ದು. ‘ಫೈನ್ ಲೆಗ್’ ಎಂಬುದನ್ನು ‘ಸುಂದರವಾದ ಕಾಲು’ ಎಂದು ಕನ್ನಡಿಸಿದರೆ ನಕ್ಕು ಸುಮ್ಮನಾಗಬಹುದು.

ನಗಲಾಗದ ಸ್ಥಳವೂ ಒಂದುಂಟು. ನಗರಗಳ ಗಾಳಿಯ ವಿಷಯದ ವರದಿಗಳಲ್ಲಿ ‘ಫೈನ್’ ಕಣಗಳೆಂಬ ಮಾತು ಬರುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎನ್ನುವುದಾದರೆ, ೨.೫ ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ವ್ಯಾಸದ ಧೂಳಿಗೆ ಆ ಹೆಸರು. ಅದಕ್ಕಿಂತ ದೊಡ್ಡ ಧೂಳಿನ ಬಹುಭಾಗವನ್ನು ನಮ್ಮ ಮೂಗೂ ಗಂಟಲೂ ತಡೆದು ಹೊರಕ್ಕೆ ಹಾಕುತ್ತವೆ. ಈ ಸಣ್ಣ ಕಣಗಳು ಶ್ವಾಸಕೋಶದ ಒಳಗೂಡಿನವರೆಗೂ ಇಳಿಯುತ್ತವೆ, ಅವುಗಳಲ್ಲಿ ಅತಿ ಸಣ್ಣವು ರಕ್ತಕ್ಕೂ ಸೇರಬಲ್ಲವು. ಎಷ್ಟು ‘ಫೈನ್’ ಆದರೆ ಅಷ್ಟು ಕೇಡು! ವರ್ಷದ ಸರಾಸರಿಯಲ್ಲಿ ಘನಮೀಟರು ಗಾಳಿಗೆ ಇವು ೫ ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಸಲಹೆಮಾಡಿತು; ನಮ್ಮ ದೇಶ ೨೦೦೯ರಲ್ಲಿ ಗೊತ್ತುಮಾಡಿದ ಮಿತಿ ೪೦. ಇಂಥ ಎಚ್ಚರಿಕೆಯನ್ನು ಯಂತ್ರದಿಂದಲೋ ಅವಸರದ ಕೈಯಿಂದಲೋ ಕನ್ನಡಿಸಿ ‘ಗಾಳಿಯಲ್ಲಿ ಉತ್ತಮ ಕಣಗಳು ಹೆಚ್ಚಿವೆ’ ಎಂದು ಪ್ರಕಟಿಸಿದರೆ, ಕೆಮ್ಮುವ ಮಗುವಿನ ತಾಯಿ ಕಿಟಕಿಯನ್ನು ಮುಚ್ಚುವ ಬದಲು ತೆರೆದಿಟ್ಟಾಳು.

ಕರಾರುಪತ್ರಗಳ ‘ಫೈನ್ ಪ್ರಿಂಟ್’ ಕೂಡ ಇದೇ ಜಾತಿಯದು. ಸೊಗಸಾದ ಮುದ್ರಣವಲ್ಲ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರ. ವಿಮೆಯ ಕಾಗದಕ್ಕೆ ರುಜುಮಾಡುವ ಮುನ್ನ ಕನ್ನಡಕವನ್ನು ಒರೆಸಿಕೊಳ್ಳಬೇಕಾದ ಭಾಗ ಅದೇ.

ಇನ್ನು ಹೊಗಳಿಕೆಯ ಅರ್ಥ. ‘ಫೈನ್ ಆರ್ಟ್ಸ್’ ಎಂಬುದನ್ನು ನಮ್ಮವರು ‘ಸೂಕ್ಷ್ಮಕಲೆ’ ಎನ್ನದೆ ‘ಲಲಿತಕಲೆ’ ಎಂದದ್ದು ಬಹಳ ವಿವೇಕದ ಕೆಲಸವೆಂದು ನಮಗೆ ತೋರುತ್ತದೆ. ಏಕೆಂದರೆ ಇಲ್ಲಿ ಇಂಗ್ಲಿಷ್ ಶಬ್ದ ಫ್ರೆಂಚರ ‘ಸುಂದರ ಕಲೆಗಳು’ ಎಂಬುದಕ್ಕೆ ಬದಲಾಗಿ ನಿಂತದ್ದು. ಬಾತ್ಯೂ ಎಂಬ ಫ್ರೆಂಚ್ ಪಂಡಿತನು ೧೭೪೬ರಲ್ಲಿ ಆ ಹೆಸರಿನಲ್ಲಿ ಗ್ರಂಥವನ್ನು ಬರೆದು ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದನು. ಉಪಯೋಗಕ್ಕಾಗಿ ಹುಟ್ಟಿದ ಕಸುಬುಗಳು ಈ ಪಂಕ್ತಿಯಿಂದ ಹೊರಗುಳಿದವು. ಇದರಲ್ಲಿ ಒಂದು ವಿನೋದವಿದೆ: ೧೦೦ನೆಯ ನಂಬರಿನ ನೂಲನ್ನು ಹಾಸುಹೊಕ್ಕಿಗೆ ಹಾಕಿ ನೇಯ್ದವನ ಬಟ್ಟೆ ‘ಫೈನ್’, ಅವನ ಕಲೆ ಮಾತ್ರ ‘ಫೈನ್’ ಅಲ್ಲವೆಂದಾಯಿತು. ಈ ಪಂಕ್ತಿಭೇದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಹೊಗಳಿಕೆಗೂ ದೇಶಕಾಲಗಳ ಕಟ್ಟುಂಟು. ಇಂಗ್ಲೆಂಡಿನವನು ‘ಫೈನ್’ ದಿನವೆಂದರೆ ಮಳೆಯಿಲ್ಲದೆ ಬಿಸಿಲು ಬಿದ್ದ ದಿನ. ಮೋಡವೂ ತುಂತುರೂ ತುಂಬಿದ ಆ ದ್ವೀಪದಲ್ಲಿ ಬಿಸಿಲೇ ಭಾಗ್ಯ. ಮೃಗಶಿರೆಯ ಮಳೆಗಾಗಿ ಬಾನನ್ನು ನೋಡುತ್ತ ಕುಳಿತಿರುವ ಚಿತ್ರದುರ್ಗದ ಕಡೆಯ ರೈತನಿಗೆ ಅದೇ ದಿನವನ್ನು ‘ಸೊಗಸಾದ ದಿನ’ ಎಂದು ವರ್ಣಿಸಿ ಓದಿಹೇಳಿದರೆ ಅವನು ಏನೆಂದುಕೊಂಡಾನು? ಭಾಷಾಂತರಕಾರನು ಇಲ್ಲಿ ‘ಬಿಸಿಲು ಬಿದ್ದಿತ್ತು’ ಎಂದು ಸಂಗತಿಯನ್ನು ಹೇಳಿಬಿಡುವುದೇ ಲೇಸು. ‘ಒನ್ ಫೈನ್ ಡೇ’ ಎಂಬಲ್ಲಿಯಂತೂ ಬಿಸಿಲೂ ಇಲ್ಲ, ಸೊಗಸೂ ಇಲ್ಲ. ‘ಒಂದಾನೊಂದು ದಿನ’ ಎಂದಷ್ಟೇ ಅದರ ತಾತ್ಪರ್ಯ. ಅದನ್ನರಿಯದೆ ‘ಒಂದು ಶುಭದಿನದಲ್ಲಿ ಅವನ ಮನೆ ಹರಾಜಾಯಿತು’ ಎಂದು ಬರೆದರೆ, ಓದುವವನು ಬರೆದವನಿಗೆ ಆ ಮನೆಯವನ ಮೇಲೆ ಹಗೆಯಿತ್ತೆಂದು ತಿಳಿದಾನು.

ಹೊಗಳಿಕೆಯು ದನಿ ಬದಲಾದೊಡನೆ ತೆಗಳಿಕೆಯಾಗುವುದೂ ಉಂಟು. ‘ಫೈನ್’ ಸ್ನೇಹಿತನೆಂದು ಮೂಗುಮುರಿದು ಹೇಳಿದರೆ ಅವನು ಕೈಕೊಟ್ಟನೆಂದು ಅರ್ಥ. ನಾವೂ ‘ಚೆನ್ನಾಗಿ ಮಾಡಿದೆಯಪ್ಪ!’ ಎನ್ನುವುದಿಲ್ಲವೆ? ‘ಫೈನ್’ ಮಾತುಗಳೆಂದರೆ ಇಂಗ್ಲಿಷಿನಲ್ಲಿ ಬಹುತೇಕ ನಂಬಬಾರದ ಮಾತುಗಳು. ಇದಕ್ಕೆ ಕನ್ನಡದಲ್ಲಿ ಸರಿಯಾಗಿ ಹೊಂದುವ ಶಬ್ದ ‘ನಯ’ ಎಂಬುದು. ನಯವಾದ ಬಟ್ಟೆ ಮುಟ್ಟುವುದಕ್ಕೆ ಹಿತ, ನಯವಾದ ನಡೆ ಕಾಣುವುದಕ್ಕೆ ಹಿತ. ಅದೇ ನಯ ವಂಚನೆಯೊಡನೆ ಕೂಡಿ ‘ನಯವಂಚಕ’ನೂ ಆಗುತ್ತದೆ. ಎಳೆಯ ಗುಣವಾಗಿದ್ದದ್ದು ಮಾತಿನ ಗುಣವಾಗಿ, ಆ ಮೇಲೆ ಅವಗುಣವಾಗಿ ನಡೆದ ಈ ದಾರಿಯನ್ನು ಎರಡು ಭಾಷೆಗಳೂ ತಮ್ಮಷ್ಟಕ್ಕೆ ತಾವೇ ನಡೆದಿವೆ.

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ‘ಐ ಆಮ್ ಫೈನ್’. ಔತಣದಲ್ಲಿ ಮತ್ತೊಂದು ಹೋಳಿಗೆ ಬೇಕೇ ಎಂದಾಗ ಇಂಗ್ಲಿಷನ್ನಾಡುವ ಅತಿಥಿ ಹೀಗೆಂದರೆ ‘ಸಾಕು, ಬೇಡ’ ಎಂದರ್ಥ. ‘ಚೆನ್ನಾಗಿದೆ’ ಎಂದು ತಿಳಿದು ಇನ್ನೆರಡನ್ನು ಬಡಿಸಿದರೆ ಪಾಪ ಅವನ ಗತಿ ಅವನೇ ನೋಡಿಕೊಳ್ಳಬೇಕು. ಜಗಳವಾದ ಮೇಲೆ ಬಿಗಿದ ತುಟಿಗಳಿಂದ ಹೊರಡುವ ‘ಫೈನ್’ ಸಮಾಧಾನವಲ್ಲ, ಮಾತು ನಿಲ್ಲಿಸುವ ಬಾಗಿಲು. ಎಲ್ಲೆಯೆಂಬ ಹಳೆಯ ಅರ್ಥ ಅಲ್ಲಿ ಹಿಂದಿರುಗಿ ಬಂದಂತಿದೆ. ವೈದ್ಯರ ಮುಂದೆ ಕುಳಿತು ‘ಹೇಗಿದ್ದೀರಿ’ ಎಂಬ ಪ್ರಶ್ನೆಗೆ ಅಭ್ಯಾಸಬಲದಿಂದ ‘ಫೈನ್’ ಎಂದುಬಿಡುವ ರೋಗಿಗಳಂತೂ ಬಹಳ ಮಂದಿ. ಅವರು ಮರ್ಯಾದೆಗಾಗಿ ಆಡಿದ ಮಾತನ್ನು ವೈದ್ಯರು ವರದಿಯೆಂದು ಬರೆದುಕೊಂಡರೆ ರಾತ್ರಿಯ ಎದೆನೋವಿನ ಸಂಗತಿ ಹೊರಬೀಳದೆಯೇ ಉಳಿಯುತ್ತದೆ. ಆದುದರಿಂದಲೇ ಬಲ್ಲ ವೈದ್ಯರು ಆ ಉತ್ತರವನ್ನು ಅಲ್ಲಿಗೇ ಬಿಟ್ಟು, ನಿದ್ರೆ ಹೇಗೆ, ಊಟ ಹೇಗೆ, ಮೆಟ್ಟಿಲು ಹತ್ತಿದರೆ ಉಸಿರು ಹೇಗೆ ಎಂದು ಒಂದೊಂದನ್ನೇ ಕೇಳುತ್ತಾರೆ.

ನಮ್ಮ ಹಿರಿಯರ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಪ್ರಾರಂಭವಾಗುತ್ತಿದ್ದವು. ಎರಡು ಕಡೆಯವರೂ ಕುಶಲವೆಂದು ಮೊದಲನೆಯ ಪಂಕ್ತಿ ಸಾರಿ, ನಾಲ್ಕನೆಯ ಪಂಕ್ತಿಯಲ್ಲಿ ತಾಯಿಗೆ ಹದಿನೈದು ದಿನದಿಂದ ಜ್ವರ ಬಿಟ್ಟಿಲ್ಲವೆಂಬ ಸಮಾಚಾರ ಬರುತ್ತಿತ್ತು. ಕಾಗದ ಕೈಸೇರಿದವರು ಮೊದಲನೆಯ ಪಂಕ್ತಿಯನ್ನು ಓದಿ ಮಡಿಸಿಡುತ್ತಿರಲಿಲ್ಲ.