ರೈತನ ಕಡೆಗೆ ತಿರುಗಿದ ಪರದೆ

ಶಿಕಾರಿಪುರ, ಸೊರಬ ಸೀಮೆಯಲ್ಲಿ ಕಲ್ಲಿನ ಶಾಸನಗಳಿಗೆ ಬರವಿಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ ಎಂಟನೆಯದರಲ್ಲಿ (1904) ಸೊರಬದವನ್ನೂ ಪ್ರಕಟಿಸಿದರು. ಅವುಗಳಲ್ಲಿ ಅನೇಕವು ಭೂದಾನದ ಶಾಸನಗಳು. ಅರಸನ ಪ್ರಶಸ್ತಿಯಲ್ಲಿ ಕವಿ ಎಷ್ಟೇ ವಿಸ್ತರಿಸಲಿ, ದಾನದ ಭಾಗಕ್ಕೆ ಬಂದೊಡನೆ ಮಾತು ಬಿಗಿಯಾಗುತ್ತದೆ: ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು, ಅದರ ಎಲ್ಲೆ ಯಾವುದು. ಮುಂದೊಂದು ದಿನ ತಕರಾರು ಹುಟ್ಟಿದಾಗ ಜನ ಹುಡುಕುವುದು ಇಷ್ಟನ್ನೇ.

ಆ ಕಲ್ಲುಗಳ ಕೆಲಸವನ್ನು ಇಂದು ಪಹಣಿ ವಹಿಸಿಕೊಂಡಿದೆ. ಗಣಕಯಂತ್ರದ ತಂತ್ರಾಂಶಗಳಲ್ಲಿ ಬೇಡದ ಸೌಲಭ್ಯಗಳು ಹೇಗೆ ಹೊರೆಯಾಗುತ್ತವೆ, ಬಳಸುವವನಿಗೆ ನಿಜವಾಗಿ ಬೇಕಾದುದೇನು ಎಂಬ ಪ್ರಶ್ನೆ ಬಂದಾಗ ನಾನು ಆಶ್ರಯಿಸುವುದು ಈ ಪಹಣಿಯ ಕಥೆಯನ್ನೇ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಉಳುವವರನೇಕರು ಒಡೆಯರಾದರು. ಅಂಥ ಮನೆತನಕ್ಕೆ ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಹೆಸರಿರುವುದೆಂದರೆ ಬರಿಯ ಬರವಣಿಗೆಯಲ್ಲ. ಬೆಳೆಸಾಲಕ್ಕೂ, ನ್ಯಾಯಾಲಯದಲ್ಲಿ ಒಬ್ಬರಿಗೆ ಜಾಮೀನು ನಿಲ್ಲುವುದಕ್ಕೂ ಅದೇ ಆಧಾರ.

ಭೂದಾಖಲೆಗಳ ಗಣಕೀಕರಣ ನಮ್ಮ ರಾಜ್ಯದಲ್ಲಿ 1991ರಲ್ಲಿ, ಅಂದಿನ ಗುಲ್ಬರ್ಗ ಜಿಲ್ಲೆಯಲ್ಲಿ, ಪ್ರಾಯೋಗಿಕವಾಗಿ ಮೊದಲಾಯಿತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ತಾಲ್ಲೂಕು ಕಚೇರಿಗಳಲ್ಲಿ ಯಂತ್ರವನ್ನಿಡುವ ಏರ್ಪಾಡೇ ಇರಲಿಲ್ಲ. ಹಕ್ಕು ಬದಲಾವಣೆಯನ್ನು ಬರೆಯುವ ಪುಸ್ತಕ ತಾಲ್ಲೂಕಿನಲ್ಲಿ, ಯಂತ್ರ ಬೇರೆಡೆಯಲ್ಲಿ! ಹೊಸ ವಿವರ ಸೇರದ ದಾಖಲೆ ಬಹುಬೇಗ ಹಳತಾಯಿತು. ಆನವಟ್ಟಿಯಿಂದಲೋ ಶಿರಾಳಕೊಪ್ಪದಿಂದಲೋ ಬಸ್ಸು ಹಿಡಿದು ಬರುವ ರೈತನಿಗೆ ಅದರಿಂದ ಆದ ಪ್ರಯೋಜನ ಸೊನ್ನೆ.

ಅನಂತರ ಬಂದ 'ಭೂಮಿ' ಯೋಜನೆ ಈ ಕೊರತೆಯನ್ನರಿತೇ ಹೊರಟಿತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು. ತಾಲ್ಲೂಕು ಕಚೇರಿಯಲ್ಲೇ ಗವಾಕ್ಷಿ ತೆರೆಯಿತು. 15 ರೂಪಾಯಿ ತೆತ್ತರೆ ಮುದ್ರಿತ ಪ್ರತಿ ಕೈಗೆ ಬಂತು. ಕೈಬರಹದ ಪ್ರತಿಗೆ ಮಾನ್ಯತೆ ಹೋಯಿತು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟನ್ನು ತಂತ್ರಾಂಶದೊಳಗೇ ಹೆಣೆದರು. ನನ್ನ ಮನಸ್ಸನ್ನು ಗೆದ್ದುದು ಇನ್ನೂ ಚಿಕ್ಕ ಸಂಗತಿ. ಗುಮಾಸ್ತೆಯ ಮುಂದಿನ ಪರದೆಯಲ್ಲದೆ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನಿಟ್ಟರು. ತನ್ನ ಜಮೀನಿನ ವಿಷಯವಾಗಿ ಯಂತ್ರದಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಅವನೂ ನೋಡಬಹುದಾಯಿತು.

ಬಿಟ್ಟದ್ದೂ ಇಲ್ಲಿ ಗಮನಾರ್ಹ. ಕ್ರಯಪತ್ರಗಳ ನೋಂದಣಿಗೆ 'ಕಾವೇರಿ', ಅಳತೆಯ ಕೆಲಸಕ್ಕೆ 'ಮೋಜಿಣಿ' ಎಂದು ಬೇರೆ ಬೇರೆ ತಂತ್ರಾಂಶಗಳು ಬಂದು, ಕ್ರಮೇಣ 'ಭೂಮಿ'ಯೊಡನೆ ಜೋಡಣೆಗೊಂಡವು. ಎಲ್ಲವನ್ನೂ ಮೊದಲ ದಿನವೇ ಒಂದರೊಳಗೆ ತುರುಕಹೊರಟಿದ್ದರೆ ಪಹಣಿಯ ಸಾಲು ಇನ್ನಷ್ಟು ಬೆಳೆಯುತ್ತಿತ್ತೆಂದೇ ನನ್ನ ಎಣಿಕೆ. ತಂತ್ರಾಂಶ ರಚಿಸುವವರಿಗೆ ಮಾಡಬಲ್ಲುದನ್ನೆಲ್ಲ ಮಾಡಿಬಿಡುವ ಚಪಲ ಸಹಜ. ಅಲಂಕಾರಶಾಸ್ತ್ರ ಓದಿದ ಎಳೆಯ ಕವಿಗಳಿಗೂ ಈ ಚಪಲ ಇದ್ದೇ ಇರುತ್ತದೆ. ಕಾಶ್ಮೀರದ ಕ್ಷೇಮೇಂದ್ರ 'ಔಚಿತ್ಯವಿಚಾರಚರ್ಚಾ' ಬರೆದದ್ದು ಹನ್ನೊಂದನೆಯ ಶತಮಾನದಲ್ಲಿ. ಇಂದಿನ ಕೆಲವು ದೂರವಾಣಿ ತಂತ್ರಾಂಶಗಳನ್ನು ಕಂಡಿದ್ದರೆ ಅವನು ಇನ್ನೊಂದು ಅಧ್ಯಾಯ ಸೇರಿಸುತ್ತಿದ್ದನೇನೋ. ಹಣ ಕಟ್ಟಲೆಂದು ತೆರೆದರೆ ಸಾಲದ ಜಾಹೀರಾತು, ಆಟ, ಬಹುಮಾನದ ಚೀಟಿ. ಕಟ್ಟುವ ಗುಂಡಿ ಮಾತ್ರ ಎಲ್ಲೋ ಮೂಲೆಯಲ್ಲಿ.

'ಭೂಮಿ'ಯಿಂದ ಎಲ್ಲವೂ ನೆಟ್ಟಗಾಯಿತೆಂದಲ್ಲ. ಬೆಂಗಳೂರಿನ ಸುತ್ತ ಈ ವ್ಯವಸ್ಥೆ ದೊಡ್ಡ ಭೂವ್ಯವಹಾರಗಳಿಗೇ ಹೆಚ್ಚು ಒದಗಿತೆಂದು ಸಾಲಮನ್ ಬೆಂಜಮಿನ್ ಮತ್ತು ಅವರ ಸಹಸಂಶೋಧಕರು 2007ರಲ್ಲಿ ವಾದಿಸಿದರು. ಆ ಮಾತನ್ನು ಕಡೆಗಣಿಸಲಾಗದು. ಬಳಸುವವನೆಂದರೆ ಯಾವನು ಎಂದು ಅದು ಕೇಳುತ್ತದೆ.

ಪಹಣಿ ಈಗ ಅಂತರಜಾಲದಲ್ಲಿಯೂ ದೊರೆಯುತ್ತದೆ. ಆದರೂ ಗವಾಕ್ಷಿಯ ಮುಂದೆ ನಿಲ್ಲುವವರಲ್ಲಿ ಓದುಬಾರದ ಹಿರಿಯರುಂಟು. ಅವರ ಕಡೆಗೆ ಪರದೆ ತಿರುಗಿದ್ದರೂ ಅದು ಅವರಿಗೆ ಮೂಕ. ಇಷ್ಟು ಹೊತ್ತು ಸೌಲಭ್ಯಗಳನ್ನು ಕಡಿಮೆ ಮಾಡಿರೆಂದ ನಾನು ಒಂದನ್ನು ಮಾತ್ರ ಸೇರಿಸಿರೆಂದು ಕೇಳುತ್ತೇನೆ: ಒಂಬತ್ತನೆಯ ಅಂಕಣದ ಹೆಸರನ್ನೂ ಹನ್ನೊಂದನೆಯದರ ಋಣವನ್ನೂ, ಮುದ್ರಿಸುವ ಮೊದಲು, ಅವರಿಗೆ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು.